ಗಂಟೆಗೆ ಎಪ್ಪತ್ತು ಮರ

ನಮ್ಮ ವರ್ಕ್‌ಶಾಪಿನ ಬಾಗಿಲ ಪಕ್ಕದ ಗೋಡೆ ಮೇಲೆ ಒಂದು ಹಲಗೆ ಇದೆ. ಅದರಲ್ಲಿ ಬಿಳಿ ಬಣ್ಣದಲ್ಲಿ ದಪ್ಪಕ್ಕೆ ಬರೆದಿದ್ದಾರೆ: ಗಂಟೆಗೆ ಎಪ್ಪತ್ತು ಮರ. ಮರ ಕಡಿಯೋ ಮೆಷಿನ್ ಓಡಿಸೋಕೆ ಹೊಸದಾಗಿ ಬರೋರೆಲ್ಲ ಅದನ್ನ ನೋಡಿ ಒಂದು ಸಲ ಉಗುಳು ನುಂಗ್ತಾರೆ. "ಯಾವ ಮಹಾರಾಯನಪ್ಪಾ ಇಷ್ಟು ಕಡಿದೋನು?" ಅಂತ ಕೇಳ್ತಾರೆ. ನಾನು ಚೈನ್ ರೂಮಿನ ಕಿಟಕಿ ಒಳಗೆ ಕೂತು, ಗರಗಸದ ಚೈನ್‌ಗೆ ಸಾಣೆ ಹಿಡೀತಾ ಹಿಡೀತಾನೇ "ನಮ್ಮಣ್ಣ" ಅಂತೀನಿ. ಹೆಮ್ಮೆಗೆ ಅಲ್ಲ. ಕೇಳಿದೋರು ಹೆಮ್ಮೆ ಅಂದ್ಕೊಂಡು ಹೋಗ್ತಾರೆ, ಹೋಗಲಿ. ತಿಂಗಳೊಪ್ಪತ್ತಿಗೆ ಅವರೂ ಆ ಹಲಗೆಗೆ ಕೈಮುಗಿದು ಕೆಲಸ ಬಿಡ್ತಾರೆ.

ಅಣ್ಣನಿಗೆ ಸರದಾರ ಅಂತ ಹೆಸರಿಟ್ಟಿದ್ದು ನಮ್ಮಮ್ಮ. ಚಿಕ್ಕೋನಿದ್ದಾಗ ಬೀದಿ ನಲ್ಲಿಯಿಂದ ಒಂದು ಕೊಡ ನೀರು ತಾರೋ ಅಂದ್ರೆ, ಯಾರೂ ನೋಡದೇ ಇದ್ರೆ ಅರ್ಧ ಕೊಡ ತರ್ತಿದ್ದ. ಪಕ್ಕದ ಮನೆಯೋರು ಬಾಗಿಲಲ್ಲಿ ನಿಂತಿದ್ರೋ, ಮುಗೀತು. ಹೆಗಲ ಮೇಲೊಂದು, ಕೈಯಲ್ಲೊಂದು, ಇನ್ನೂ ಚಿಗುರದ ಮೀಸೆ ತಿರುವೋದೊಂದು ಬಾಕಿ! "ಬಂದ ನೋಡಿ ಸರದಾರ" ಅಂತ ಅಮ್ಮ ನಗ್ತಿದ್ದಳು. ಆ ನಗುವಿಗೇ ಅವನು ಇನ್ನೂ ಒಂದು ಸುತ್ತು ಹೋಗಿ ಬರ್ತಿದ್ದ.

ಕೆಟ್ಟೋನಲ್ಲ, ಅದನ್ನ ಈಗಲೇ ಹೇಳಿಬಿಡ್ತೀನಿ. ನನಗೊಮ್ಮೆ ಕೆಂಡದಂಥ ಜ್ವರ ಬಂದಾಗ ಬೆನ್ನ ಮೇಲೆ ಹೊತ್ತುಕೊಂಡು ಡಾಕ್ಟರ ಹತ್ತಿರ ಓಡಿದ್ದ. ಓಡಿದ ಅಂದ್ರೆ, ದಾರೀಲಿ ಸಿಕ್ಕೋರ ಮುಂದೆಲ್ಲ ನಿಂತು, "ನೋಡಿ, ನನ್ನ ತಂಗಿ, ನಾನೊಬ್ಬನೇ ಹೊತ್ತುಕೊಂಡು ಹೋಗ್ತಿದ್ದೀನಿ" ಅಂತ ಹೇಳಿಕೊಂಡು ಹೋದ. ಡಾಕ್ಟರ ಮನೆ ಮುಟ್ಟೋ ಹೊತ್ತಿಗೆ ನನ್ನ ಜ್ವರ ಇನ್ನೊಂದು ಕೈ ಮೇಲೆ ಹೋಗಿತ್ತು. ಆದರೂ ಹೊತ್ತಿದ್ದು ಅವನೇ ತಾನೇ? ಅದನ್ನ ನಾನು ಮರೆತಿಲ್ಲ. ಮರೆತಿದ್ರೆ ಚೆನ್ನಾಗಿರ್ತಿತ್ತು.

ದೊಡ್ಡವನಾದ ಮೇಲೆ ಮರ ಕಡಿಯೋ ತಂಡ ಸೇರಿಕೊಂಡ. ಕಂಪನಿ ನೆಟ್ಟ ಮರಗಳು, ನೋಡಿದಷ್ಟು ದೂರ ಸಾಲು ಸಾಲು. ಕೈಯಲ್ಲಿ ಹಿಡಿಯೋ ಗರಗಸ, ಮಚ್ಚು, ಹಗ್ಗ. ತಂಡಕ್ಕೆ ಒಬ್ಬರು ಮೇಸ್ತ್ರಿ. ತೆಳ್ಳಗೆ ಉದ್ದಕ್ಕೆ ಇದ್ದ ಆ ಮನುಷ್ಯ ಬೈಯೋದರಲ್ಲಿ ಎತ್ತಿದ ಕೈ, ಊಟ ಹಂಚೋದರಲ್ಲೂ ಅಷ್ಟೇ. ಅದೇ ತಂಡದಲ್ಲಿದ್ದೋರು ನಮ್ಮವರು. ನನಗೆ ಅವರನ್ನ ಗೊತ್ತು ಮಾಡಿದ್ದೂ ಅಣ್ಣನೇ. "ಮಾತು ಕಡಿಮೆ, ಕೆಲಸ ಜಾಸ್ತಿ, ನಿನಗೆ ಸರಿಹೋಗ್ತಾನೆ, ಮಾತಾಡೋಕೆ ನೀನಿದ್ದೀಯಲ್ಲ" ಅಂದಿದ್ದ. ಮದುವೆ ಆದಮೇಲೆ ಇವರು ಅವನನ್ನ ಭಾವ ಅನ್ನೋದು, ಅವನು ಇವರನ್ನ ಭಾವ ಅನ್ನೋದು. ಸಂಜೆ ಇಬ್ಬರೂ ನಮ್ಮ ಮನೆ ಮೆಟ್ಟಿಲ ಮೇಲೆ ಕೂತು "ಭಾವ, ಭಾವ" ಅಂತಿದ್ರೆ ಅತ್ತಿಗೆ, "ಕಪ್ಪೆಗಳು ಶುರು ಹಚ್ಚಿದಾವೆ, ಮಳೆ ಬರುತ್ತೆ, ಬಟ್ಟೆ ತೆಗೀರಿ" ಅಂತಿದ್ಲು.

ಆಮೇಲೆ ಮೆಷಿನ್ ಬಂತು. ಎಂಟು ಚಕ್ರ, ಮೇಲೊಂದು ಗಾಜಿನ ಗೂಡು, ಮುಂದೆ ಉದ್ದದ ಕೈ, ಆ ಕೈ ತುದೀಲಿ ಕೊಕ್ಕು. ಕೊಕ್ಕು ಅಂತ ಹೆಸರಿಟ್ಟಿದ್ದು ಮೇಸ್ತ್ರಿ. ಅದು ಮರದ ಬುಡಕ್ಕೆ ಬಾಯಿ ಹಾಕುತ್ತೆ, ಬಾಯೊಳಗಿನ ಗರಗಸದ ಚೈನ್ ಒಂದೇ ಏಟಿಗೆ ಬುಡ ಕತ್ತರಿಸುತ್ತೆ, ಮರವನ್ನ ಅಡ್ಡ ಹಿಡಿದು ರೆಂಬೆ ಸವರಿ, ಅಳತೆಗೆ ತುಂಡು ಮಾಡಿ ಪಕ್ಕಕ್ಕೆ ಹಾಕುತ್ತೆ. ನಮ್ಮವರು ಬೆವರು ಒರೆಸ್ಕೊಳ್ಳೋ ಅಷ್ಟರಲ್ಲಿ ಒಂದು ಮರ ಮುಗಿದಿರುತ್ತೆ. ಮೊದಲ ದಿನ ನೋಡಿದಾಗ ತಂಡದೋರೆಲ್ಲ ಮಚ್ಚು ಕೆಳಗಿಟ್ಟು ನಿಂತರಂತೆ. ಮೇಸ್ತ್ರಿ ಮಾತ್ರ, "ಇದಕ್ಕೆ ಊಟಕ್ಕೆ ಏನು ಹಾಕ್ತಾರೋ?" ಅಂದರಂತೆ.

ಓಡಿಸೋಕೆ ಕಲಿಯೋರು ಯಾರು ಅಂದಾಗ ಕೈ ಎತ್ತಿದ್ದು ನಮ್ಮಣ್ಣ ಒಬ್ಬನೇ. ಕಲಿತ, ಬೇಗ ಕಲಿತ, ಸುಳ್ಳು ಹೇಳಬಾರದು. ಎರಡು ಕೈಗೆ ಎರಡು ಪುಟ್ಟ ಹಿಡಿ, ಬೆರಳಿಗೊಂದು ಗುಂಡಿ. ಮನೇಲಿ ಊಟಕ್ಕೆ ಕೂತಾಗಲೂ ಬೆರಳು ಆಡಿಸ್ತಾನೇ ಇರ್ತಿದ್ದ. ಗೂಡು ಹತ್ತುವಾಗ ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟು ಬರಿಗಾಲಲ್ಲಿ ಹತ್ತೋನು. ಒಳಗೆ ಒಂದು ಕಸ ಇಲ್ಲ, ಒಂದು ಎಣ್ಣೆ ಕಲೆ ಇಲ್ಲ. ಅಮ್ಮ ಬಳಸ್ತಿದ್ದ ಹಳೇ ಟವೆಲ್ಲು ಸೀಟಿನ ಮೇಲೆ. "ಮನೇನ ಹೀಗಿಟ್ಟುಕೊಂಡಿದ್ರೆ ನಾನು ನಿಮ್ಮಣ್ಣನಿಗೆ ಆರತಿ ಎತ್ತುತಿದ್ದೆ" ಅಂತ ಅತ್ತಿಗೆ ಕಿಚಾಯಿಸ್ತಿದ್ಲು.

ಆದರೆ ಮೆಷಿನ್ ಉಳಿಯುತ್ತೋ ವಾಪಸ್ ಹೋಗುತ್ತೋ ಅನ್ನೋದು ಇನ್ನೂ ಗೊತ್ತಾಗಿರಲಿಲ್ಲ. ದೊಡ್ಡ ಆಫೀಸಿಂದ ಲೆಕ್ಕದ ಮೇಡಮ್ ಒಬ್ಬರು ಬಂದು ಪರೀಕ್ಷೆ ಮಾಡ್ತಾರೆ ಅಂದರು. ವಿಷಯ ಇಷ್ಟೇ. ಡೀಸೆಲ್ಲು, ಕಂತು, ರಿಪೇರಿ, ಓಡಿಸೋನ ಸಂಬಳ, ಎಲ್ಲ ಸೇರಿ ಮೆಷಿನ್ನಿಗೆ ಗಂಟೆಗೆ ಇಂತಿಷ್ಟು ಖರ್ಚು. ಮರ ಕಡೀಲಿ, ಬಿಡಲಿ, ಆ ಖರ್ಚು ನಿಲ್ಲಲ್ಲ. ಅದನ್ನ ಕಡಿದ ಮರಗಳಿಗೆ ಹಂಚಬೇಕು. ಗಂಟೇಲಿ ಜಾಸ್ತಿ ಮರ ಬಿದ್ದರೆ ಒಂದೊಂದು ಮರ ಅಗ್ಗ, ಕಡಿಮೆ ಬಿದ್ದರೆ ದುಬಾರಿ. ತಂಡದ ಕೂಲಿಗಿಂತ ಅಗ್ಗ ಆದ್ರೆ ಮೆಷಿನ್ ಇರುತ್ತೆ, ಇಲ್ಲಾಂದ್ರೆ ಬಂದ ದಾರಿ ಹಿಡಿಯುತ್ತೆ.

ಅಣ್ಣನಿಗೆ ನಿದ್ದೆ ಹಾರಿಹೋಯ್ತು. ಯಾಕೇಂದ್ರೆ ಮೆಷಿನ್ನಿಗೆ ಒಂದು ಶತ್ರು ಇತ್ತು: ಪೊದೆ. ಮರದ ಸುತ್ತ ಎದೆಮಟ್ಟ ಮುಳ್ಳುಪೊದೆ ಬೆಳೆದಿದ್ರೆ ಗೂಡಿನಲ್ಲಿ ಕೂತೋನಿಗೆ ಬುಡವೇ ಕಾಣಲ್ಲ. ಕೊಕ್ಕು ತಡಕಾಡುತ್ತೆ, ಬಳ್ಳಿ ಸಿಕ್ಕಿಕೊಳ್ಳುತ್ತೆ, ಚೈನ್ ಹೋಗಿ ಕಲ್ಲಿಗೆ ಬಡಿಯುತ್ತೆ. ಕಲ್ಲಿಗೆ ಬಡಿದ ಚೈನ್ ನನ್ನ ಮೇಜಿಗೆ ಬರುತ್ತೆ, ಹಲ್ಲು ಉದುರಿದ ಮುದುಕಿ ಹಾಗೆ.

ಒಂದು ಸಂಜೆ ತಂಡದೋರನ್ನೆಲ್ಲ ಸೇರಿಸಿಕೊಂಡು ಹೇಳಿದ, "ಪರೀಕ್ಷೆ ಜಾಗದಲ್ಲಿ ಪೊದೆ ಸವರಿಕೊಡ್ರಪ್ಪಾ. ಮೆಷಿನ್ ಗೆದ್ದರೆ ಕಂಪನಿ ಇನ್ನೂ ನಾಲ್ಕು ಕಡೆ ಕಾಡು ಹಿಡಿಯುತ್ತೆ. ಬಯಲು ಜಾಗ ಮೆಷಿನ್ನಿಗೆ, ಇಳಿಜಾರು ನಿಮಗೆ. ನಾನು ಮಾತಾಡಿದ್ದೀನಿ." ಯಾರ ಹತ್ತಿರ ಮಾತಾಡಿದ್ದನೋ ದೇವರಿಗೇ ಗೊತ್ತು. ಮೇಸ್ತ್ರಿ ಮಾತ್ರ ಒಂದು ಕ್ಷಣ ಯೋಚನೆ ಮಾಡಲಿಲ್ಲ. "ನಮ್ಮ ಹುಡುಗ ಮೇಲೆ ಕೂತಿದ್ದಾನೆ. ಅವನ ಮಾನ ಹೋದ್ರೆ ನಮ್ಮದೇ ಹೋದ ಹಾಗೆ. ಮಚ್ಚು ಎತ್ತಿರೋ" ಅಂದರು.

ಎತ್ತಿದರು. ದಿನದ ಕೆಲಸ ಮುಗಿಸಿ, ಬೆಳಕು ಇರೋವರೆಗೆ, ವಾರಗಟ್ಟಲೆ. ಒಬ್ಬನೂ ಹೇಳಲಿಲ್ಲ ಕೂಲಿ ಕೊಡು ಅಂತ. ಸವರಿದ ಪೊದೆನ ಅಲ್ಲೇ ಬಿಟ್ಟರೆ ಗೊತ್ತಾಗುತ್ತೆ ಅಂತ ಹಳ್ಳಕ್ಕೆ ಹೊತ್ತು ಹಾಕಿದರು. ನಮ್ಮವರ ಅಂಗೈ ನೋಡೋಹಾಗಿರಲಿಲ್ಲ. ನಾನು ಸೂಜಿ ಹಿಡಿದು ಮುಳ್ಳು ಕೀಳುತ್ತಾ ಅಣ್ಣನಿಗೆ ಬೈದರೆ, "ಬಿಡೇ, ನಿಮ್ಮಣ್ಣ ಗೆದ್ದರೆ ನಾವೂ ಗೆದ್ದಹಾಗೆ" ಅಂತಿದ್ರು. ಮುಳ್ಳು ಆಳಕ್ಕೆ ಹೋಗಿದ್ದಾಗ ಮಾತ್ರ ಹಲ್ಲು ಕಚ್ಚೋರು.

ಪರೀಕ್ಷೆ ದಿನ ಸಾಣೆ ಹಿಡಿದ ಚೈನ್‌ಗಳನ್ನ ತಗೊಂಡು ನಾನೂ ಕಾಡಿಗೆ ಹೋಗಿದ್ದೆ. ಎಲ್ಲ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನೆಲ ಅಂಗಳದ ಹಾಗೆ ಚೊಕ್ಕಟವಾಗಿತ್ತು. ದಪ್ಪ ದಪ್ಪ ನೆಟ್ಟಗಿನ ಮರ. ಲೆಕ್ಕದ ಮೇಡಮ್ ಹಳದಿ ಟೋಪಿ ಹಾಕ್ಕೊಂಡು, ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ರು. ಅಣ್ಣ ಚಪ್ಪಲಿ ಬಿಟ್ಟ, ಹತ್ತಿದ. ಅಬ್ಬಾ, ಆ ದಿನದ ಕೈಚಳಕ ಏನು ಹೇಳಲಿ! ಒಂದು ಮರ ನೆಲ ಮುಟ್ಟೋದರೊಳಗೆ ಅವನ ಕಣ್ಣು ಮುಂದಿನದರ ಮೇಲಿರೋದು. ನೋಡ್ತಾ ನೋಡ್ತಾ ನನಗೇ ಮೈ ಜುಮ್ಮೆಂದಿತ್ತು. ತಂಡದೋರು ಹತ್ತಿರ ಬರಬಾರದು ಅಂತ ಅವನೇ ಹೇಳಿದ್ದರಿಂದ ಮೇಸ್ತ್ರಿ, ನಮ್ಮವರು, ಎಲ್ಲರೂ ಲಾರಿ ಹಿಂದೆ ಕೂತು ಇಣುಕಿ ನೋಡ್ತಿದ್ರು.

ಅಣ್ಣ ಕೆಳಗಿಳಿದ ಮೇಲೆ ಮೇಡಮ್ ಎಪ್ಪತ್ತು ಅಂದರು. ಅಲ್ಲಿಗೆ ನಿಲ್ಲಿಸಲಿಲ್ಲ. ಸುತ್ತ ನೋಡಿ, ಸಮಾಧಾನವಾಗಿ ಕೇಳಿದರು, "ಈ ಜಾಗ ತುಂಬ ಚೊಕ್ಕಟವಾಗಿದೆಯಲ್ಲ. ಇದರ ಹಿಂದೆ ಬೇರೆ ಯಾರದಾದ್ರೂ ಕೆಲಸ ಇದೆಯಾ? ಇದ್ದರೆ ಹೇಳಿ, ಅದನ್ನೂ ಲೆಕ್ಕಕ್ಕೆ ಸೇರಿಸಬೇಕು."

ಅಷ್ಟು ಸಾಕಿತ್ತು. "ಇದೆ ಮೇಡಮ್, ತಂಡದೋರು ಸವರಿಕೊಟ್ಟರು" ಅಂದಿದ್ರೆ ಪೊದೆ ಸವರೋದು ತಂಡದ ಕೆಲಸ ಆಗ್ತಿತ್ತು. ಮೆಷಿನ್ನೂ ಉಳೀತಿತ್ತು, ಜನಾನೂ ಉಳೀತಿದ್ರು. ಎಪ್ಪತ್ತರ ಬದಲು ಬೇರೆ ಅಂಕಿ ಬರ್ತಿತ್ತು, ಅಷ್ಟೇ ತಾನೇ?

ಅಣ್ಣ ಬೆವರು ಒರೆಸ್ಕೊಂಡ. ಮೀಸೆ ಮೇಲೆ ಕೈ ಹೋಯ್ತು. "ಏನೂ ಇಲ್ಲ ಮೇಡಮ್. ನಾನೊಬ್ಬನೇ" ಅಂದ.

ಲಾರಿ ಹಿಂದೆ ಮೇಸ್ತ್ರಿ ಬಾಯಿಗೆ ಟವೆಲ್ಲು ಒತ್ತಿಕೊಂಡು ನಕ್ಕರು. "ಇರಲಿ ಬಿಡ್ರೋ, ಹುಡುಗ ಉಬ್ಬಿಹೋಗಿದ್ದಾನೆ" ಅಂದರು. ನಮ್ಮವರೂ ನಕ್ಕರು.

ಹಲಗೆ ಬಂತು. ಅಣ್ಣನಿಗೆ ಹೊಸ ಜಾಕೆಟ್ಟು ಕೊಟ್ಟರು, ಫೋಟೋ ತೆಗೆದರು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾರನೇ ತಿಂಗಳು ತಂಡಕ್ಕೆ ಬರಬೇಡಿ ಅಂದರು. ಮೇಸ್ತ್ರಿ ಮ್ಯಾನೇಜರ ಹತ್ತಿರ ಹೋಗಿ "ಇಳಿಜಾರು ನಮಗೆ ಅಂದಿದ್ರಲ್ಲ" ಅಂದರೆ, ಆ ಮನುಷ್ಯ ಹಲಗೆ ತೋರಿಸಿದರಂತೆ. "ಒಬ್ಬ ಮನುಷ್ಯ, ಗಂಟೆಗೆ ಎಪ್ಪತ್ತು. ನಿಮಗೆ ಕೊಡೋ ಕೂಲಿಗೆ ನಾನು ಮೇಲಿನೋರಿಗೆ ಏನಂತ ಉತ್ತರ ಹೇಳಲಿ?" ತಂಡದೋರನ್ನ ಮನೆಗೆ ಕಳಿಸಿದ್ದು ತಂಡದೋರೇ ಸವರಿದ ಪೊದೆ. ಇದಕ್ಕೆ ನಗಬೇಕೋ ಅಳಬೇಕೋ ಹೇಳಿ.

ನಾನು ಅಣ್ಣನ ಮನೆಗೆ ಹೋದೆ. "ಹೋಗಿ ಒಂದು ಮಾತು ಹೇಳು. ಪೊದೆ ಸವರಿದ್ದು ತಂಡದೋರು ಅಂತ ಹೇಳು. ನಿನ್ನ ಗಂಟೇನು ಹೋಗುತ್ತೆ?" ಅಂದೆ.

"ಈಗ ಹೇಳಿದ್ರೆ ನಾನು ಸುಳ್ಳುಗಾರ ಆಗ್ತೀನಿ ಪುಟ್ಟಿ. ಸಮಯ ನೋಡಿ ಹೇಳ್ತೀನಿ" ಅಂದ.

"ಸಮಯ ಯಾವಾಗ ಬರುತ್ತೆ? ಬಸ್ಸಿನ ಹಾಗೆ ಹಾರ್ನ್ ಹೊಡ್ಕೊಂಡು ಬರುತ್ತಾ?"

ಅವನು ಮುಖ ಆಚೆ ತಿರುಗಿಸಿದ. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗಿನ ಅಂಚು ಸುತ್ತುತ್ತಾ ಇದ್ಲು. ಮೇಸ್ತ್ರಿ ಮನೆ ಖಾಲಿ ಮಾಡಿಕೊಂಡು ಮಗಳ ಊರಿಗೆ ಹೋದರು. ಹೋಗುವಾಗ ಅಣ್ಣನನ್ನ ನೋಡಿ ಮಾತಾಡಿಸಿ, ಬೆನ್ನು ತಟ್ಟಿ ಹೋದರಂತೆ. ಬೈದಿದ್ರೆ ಚೆನ್ನಾಗಿತ್ತು. ಆ ಬಾಯಿ ಬೈಯೋದನ್ನೂ ಬಿಟ್ಟುಬಿಟ್ಟಿತ್ತು. ನಮ್ಮವರು ಒಂದು ಗೋದಾಮಿನಲ್ಲಿ ಮೂಟೆ ಹೊರೋ ಕೆಲಸಕ್ಕೆ ಸೇರಿಕೊಂಡರು.

ಬಯಲಿನ ದಪ್ಪ ಮರ ಮುಗೀತು. ಮೆಷಿನ್ ಕಾಡಿನೊಳಕ್ಕೆ ಹೋಯ್ತು, ಸಣಕಲು ಮರ, ಎದೆಮಟ್ಟ ಪೊದೆ. ಅಲ್ಲಿ ಎಪ್ಪತ್ತು ಎಲ್ಲಿಂದ ಬರಬೇಕು? ನಲವತ್ತು ದಾಟಿದ್ರೆ ಹೆಚ್ಚು. ಅಲ್ಲದೆ ಮರ ಸಣ್ಣದಾದ್ರೂ ಹಿಡಿಯೋಕೆ, ಕಡಿಯೋಕೆ ಬೇಕಾಗೋ ಹೊತ್ತು ಅಷ್ಟೇ, ಸಿಗೋ ಮಾಲು ಮಾತ್ರ ಕಮ್ಮಿ. ಮ್ಯಾನೇಜರು ದಿನಾ ಸಂಜೆ ಅಣ್ಣನನ್ನ ಕರೆದು, "ಏನಪ್ಪಾ ಸರದಾರ, ಅವತ್ತು ನೀನೇ ತಾನೇ ಮಾಡಿದ್ದು? ಈಗ ಕೈಗೆ ಏನಾಯ್ತು?" ಅಂತ ಕೇಳೋದು. ಅವನದೇ ಅಂಕಿ ಅವನ ಕುತ್ತಿಗೆಗೆ ಬಂತು. ಹೀಗೇ ಆದ್ರೆ ಬೇರೆಯೋರನ್ನ ಕೂರಿಸ್ತೀವಿ ಅಂದರು. ಮೊದಮೊದಲು ತಾನೇ ಬೆಳಿಗ್ಗೆ ಬೇಗ ಹೋಗಿ ಪೊದೆ ಸವರಿದ. ಗೂಡಿನಲ್ಲಿ ಕೂತು ಕೂತು ಸೊಂಟ ಹಿಡಿದುಹೋಗಿತ್ತು, ಆಗಲಿಲ್ಲ.

ಆಗ ನಮ್ಮ ಮನೆಗೆ ಬಂದ. "ಭಾವ, ಭಾನುವಾರ ಮೆಷಿನ್ ಓಡಲ್ಲ. ನೀವು ಬಂದು ಮುಂದಿನ ಸಾಲು ಸವರಿಟ್ಟರೆ ನನ್ನ ಜೇಬಿಂದ ಕೂಲಿ ಕೊಡ್ತೀನಿ. ಯಾರಿಗೂ ಗೊತ್ತಾಗಬಾರದು ಅಷ್ಟೇ."

ನಾನು ಸೌಟು ಹಿಡ್ಕೊಂಡೇ ಹೊರಗೆ ಬಂದೆ. "ಕೆಲಸ ಕಳೆದಿದ್ದೂ ನೀನೇ, ಈಗ ಕದ್ದು ಕೆಲಸ ಕೊಡೋನೂ ನೀನೇನಾ? ನಾಚಿಕೆ ಆಗಲ್ವಾ?"

ನಮ್ಮವರು ನನ್ನ ಕೈಯಿಂದ ಸೌಟು ಇಸ್ಕೊಂಡು ಕೆಳಗಿಟ್ಟರು. "ಬರ್ತೀನಿ ಭಾವ" ಅಂದರು. ಆಮೇಲೆ ನಾನು ಯಾಕೆ ಒಪ್ಪಿಕೊಂಡ್ರಿ ಅಂತ ಹಿಡಿದು ಅಲ್ಲಾಡಿಸಿದ್ದಕ್ಕೆ, "ಮೂಟೆ ಹೊತ್ತು ಹೊತ್ತು ಉಸಿರು ಕಟ್ಟುತ್ತೆ ಕಣೇ. ಕಾಡಲ್ಲಿ ಗಾಳಿಯಾದ್ರೂ ಇರುತ್ತೆ" ಅಂದರು. ಇಂಥೋರ ಹತ್ತಿರ ಏನಂತ ಜಗಳ ಆಡೋದು?

ಹೀಗೇ ಭಾನುವಾರಗಳು ಹೋದವು. ಹಲಗೆಯ ಅಂಕಿ ಹತ್ತಿರ ಹತ್ತಿರ ಬಂತು, ಮ್ಯಾನೇಜರು ನಕ್ಕರು. ಅಣ್ಣನ ಅವಸರ ಮಾತ್ರ ಹೆಚ್ಚಾಗ್ತಾ ಹೋಯ್ತು. ಚೈನ್ ಬದಲಾಯಿಸೋಕೆ ಮೆಷಿನ್ ನಿಲ್ಲಿಸಬೇಕು, ನಿಲ್ಲಿಸಿದ ಹೊತ್ತು ಅಂಕೀಲಿ ಕಳೆದುಹೋಗುತ್ತೆ ಅಂತ ಹಳೇ ಚೈನನ್ನೇ ಓಡಿಸ್ತಿದ್ದ. "ಅಣ್ಣ, ಇದು ಸತ್ತ ಚೈನು. ಕಿತ್ತುಹೋದ್ರೆ ಕೊಂಡಿ ಗುಂಡಿನ ಹಾಗೆ ಹಾರುತ್ತೆ" ಅಂತ ಕಿಟಕೀಲಿ ನಿಂತು ಬೈದಿದ್ದೆ. "ಸಂಜೆ ಬದಲಾಯಿಸ್ತೀನಿ ಬಿಡೇ" ಅಂದ. ಸಂಜೆ ಅನ್ನೋದು ಅವನ ಸಮಯ ಇದ್ದ ಹಾಗೆ, ಬರ್ತಾನೇ ಇರಲಿಲ್ಲ.

ಒಂದು ಭಾನುವಾರ ಮಳೆ ಬಂದು ಸವರೋದು ಅರ್ಧಕ್ಕೆ ನಿಂತಿತು. ಸೋಮವಾರ ಗೋದಾಮಿಗೆ ರಜಾ ಹೇಳಿಸಿ ಅಣ್ಣ ಇವರನ್ನ ಕರ್ಕೊಂಡು ಹೋದ. ಓಡ್ತಿರೋ ಮೆಷಿನ್ ಮುಂದೆ ಪೊದೆ ಸವರೋಕೆ! ಯಾರಾದ್ರೂ ಮಾಡೋ ಕೆಲಸವಾ ಅದು? ಮೆಷಿನ್ ಸುತ್ತ ಅಷ್ಟು ದೂರ ಒಂದು ನರಪಿಳ್ಳೆ ಇರಬಾರದು ಅಂತ ಗೂಡಿನ ಬಾಗಿಲ ಮೇಲೇ ಬರೆದಿದೆ. ಚೈನ್ ಕಿತ್ತುಹೋಯ್ತು. ಕೊಂಡಿ ಬಂದು ಇವರ ಬಲಮೊಣಕೈ ಪುಡಿ ಮಾಡ್ತು.

ಅಣ್ಣ ಬರಿಗಾಲಲ್ಲೇ ಹಾರಿ, ಇವರನ್ನ ಬೆನ್ನ ಮೇಲೆ ಹೊತ್ತುಕೊಂಡು ರಸ್ತೆವರೆಗೆ ಓಡಿದನಂತೆ. ದಾರೀಲಿ ಲಾರಿಯೋರು, ಸೌದೆಯೋರು ಸಿಕ್ಕಿ ಏನಾಯ್ತು ಏನಾಯ್ತು ಅಂದರಂತೆ. ಈ ಸಲ ಅವನು ಯಾರ ಮುಂದೆಯೂ ನಿಲ್ಲಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ.

ಕೈ ಉಳೀತು, ಆದರೆ ಅದರಲ್ಲಿ ಜೀವ ಇಲ್ಲ. ಹೆಗಲಿಂದ ತೂಗುತ್ತೆ, ಅಷ್ಟೇ. ಕಂಪನಿ ಕೆಲಸದಲ್ಲಿ ಏಟು ಬಿದ್ದಿದ್ರೆ ಆಸ್ಪತ್ರೆ ಖರ್ಚು, ಬದುಕಿರೋವರೆಗೆ ತಿಂಗಳು ತಿಂಗಳು ಪರಿಹಾರ. ಹೊರಗಿನೋರು ತಾವಾಗಿ ಬಂದು ಏಟು ತಿಂದ್ರೆ ಏನೂ ಇಲ್ಲ. ಎಲ್ಲ ನಮ್ಮಣ್ಣನ ಒಂದು ಮಾತಿನ ಮೇಲೆ ನಿಂತಿತು. ನಾನು ದೇವರಾಣೆಗೂ ಹೆದರಿರಲಿಲ್ಲ. ಇಷ್ಟಾದ ಮೇಲೆ ಹೇಳದೇ ಇರ್ತಾನಾ, ಹೊತ್ತುಕೊಂಡು ಓಡಿದೋನು ಅಂದ್ಕೊಂಡಿದ್ದೆ.

ಮ್ಯಾನೇಜರ ರೂಮಿನಲ್ಲಿ ವಿಚಾರಣೆ. ಲೆಕ್ಕದ ಮೇಡಮ್ಮೂ ಬಂದಿದ್ರು. ಇವರು ಕೈಗೆ ಜೋಳಿಗೆ ಕಟ್ಟಿಕೊಂಡು ಕುರ್ಚಿ ತುದೀಲಿ ಕೂತಿದ್ರು, ಪಕ್ಕದಲ್ಲಿ ನಾನು. ಇವರು ಇದ್ದದ್ದು ಇದ್ದ ಹಾಗೆ ಹೇಳಿದರು. ಮೇಡಮ್ ಅಣ್ಣನ ಕಡೆ ತಿರುಗಿ, "ಇವರು ನಿಮ್ಮ ಜೊತೆ ಕೆಲಸ ಮಾಡ್ತಿದ್ರಾ?" ಅಂದರು.

ಅಣ್ಣ ಕಿಟಕಿ ಆಚೆ ನೋಡಿದ. ಆ ಕಿಟಕಿಯಿಂದ ಹಲಗೆ ಕಾಣುತ್ತೆ.

"ಇಲ್ಲ ಮೇಡಮ್. ಸೌದೆ ಆರಿಸೋಕೆ ಬಂದಿರಬೇಕು. ನಾನು ನೋಡಲಿಲ್ಲ."

"ಪೊದೆ ಸವರೋಕೆ ಯಾರೂ ಬರ್ತಿರಲಿಲ್ವಾ? ಯಾವತ್ತೂ?"

"ಯಾರೂ ಇಲ್ಲ. ನಾನೊಬ್ಬನೇ."

ನಾನು ಎದ್ದು ನಿಂತು ಕೂಗಾಡಿದೆ. ಏನೇನು ಅಂದೆನೋ ನೆನಪಿಲ್ಲ, ಸತ್ತ ಅಮ್ಮನನ್ನೂ ಎಳೆದು ತಂದೆ ಅನ್ನೋದು ಗೊತ್ತು. ಮ್ಯಾನೇಜರು ಕೈ ಎತ್ತಿ, "ನೋಡಮ್ಮಾ, ಇದು ನಿಮ್ಮ ಮನೆ ಜಗಳ. ಮನೇಲಿ ಮಾತಾಡ್ಕೊಳ್ಳಿ" ಅಂದು ಕೈ ತೊಳ್ಕೊಂಡರು. ನಮ್ಮವರು ಎಡಗೈಯಲ್ಲಿ ನನ್ನ ಸೀರೆ ಎಳೆದು ಕೂರಿಸಿದರು. ಆಚೆ ಬಂದ ಮೇಲೆ ನನ್ನನ್ನ ಕೇಳಿದ್ದು ಒಂದೇ, "ಸೌದೆಗೆ ಬಂದಿದ್ದೆ ಅನ್ನೋಕೆ ಅವನಿಗೆ ಬಾಯಿ ಹೇಗೆ ಬಂತೇ?"

ನಾನು ಕೆಲಸ ಬಿಡಲಿಲ್ಲ. ಬಿಟ್ಟರೆ ಮನೆ ನಡೆಯೋದು ಹೇಗೆ? ಅಣ್ಣ ಕಿಟಕೀಲಿ ಚೈನ್ ಇಟ್ಟು ಹೋಗ್ತಾನೆ, ನಾನು ಸಾಣೆ ಹಿಡಿದು ಅಲ್ಲೇ ಇಡ್ತೀನಿ. ಮಾತಿಲ್ಲ, ಕತೆ ಇಲ್ಲ. ಅವನ ಚೈನನ್ನ ಎರಡು ಸಲ ಜಾಸ್ತಿ ನೋಡ್ತೀನಿ. ಅವನ ಮೇಲಿನ ಪ್ರೀತಿಗಲ್ಲ, ಅದರ ಮುಂದೆ ಇನ್ಯಾವಳ ಗಂಡ ನಿಂತಿರ್ತಾನೋ ಅಂತ. ಅತ್ತಿಗೆ ಒಂದು ಸಲ ಬಂದು ಹೊಸ್ತಿಲಾಚೆ ನಿಂತು ಅತ್ತು ಹೋದ್ಲು.

ಮೊನ್ನೆ ಸಂಜೆ ಅಣ್ಣನೇ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು ಕೂತ. ಜಾಕೆಟ್ಟು ಜೋಲುತ್ತಿತ್ತು, ಮೀಸೆ ಅರ್ಧ ಬೆಳ್ಳಗಾಗಿತ್ತು. ಒಳಗಿನ ಕೋಣೇಲಿ ನಮ್ಮವರು ಎಡಗೈಯಲ್ಲಿ ಅಂಗಿ ಗುಂಡಿ ಹಾಕೋಕೆ ಒದ್ದಾಡ್ತಿದ್ರು. ಅಣ್ಣ ನೆಲ ನೋಡ್ಕೊಂಡು, "ಭಾವ ಹೇಗಿದ್ದಾರೆ?" ಅಂದ. ಅಂತೂ ಬಂದನಲ್ಲ, ಆಫೀಸಿಗೆ ಹೋಗಿ ನಿಜ ಹೇಳ್ತೀನಿ ಅಂತ ಹೇಳೋಕೇ ಬಂದಿದ್ದಾನೆ ಅನ್ನಿಸ್ತು. ಸುಳ್ಳು ಯಾಕೆ ಹೇಳಲಿ, ಆ ಒಂದು ಗಳಿಗೆ ಕಾಫಿಗೆ ನೀರಿಡೋಣ ಅಂತಲೂ ಅನ್ನಿಸಿಬಿಟ್ಟಿತು.

"ಪುಟ್ಟಿ," ಅಂದ, "ಅಂಕಿ ಮತ್ತೆ ಬಿದ್ದುಹೋಗಿದೆ. ಮುಂದಿನ ಜಾಗ ಪೂರ್ತಿ ಪೊದೆ. ಭಾನುವಾರ ನಿನಗೆ ರಜಾ ಅಲ್ವಾ? ನೀನು ಬಾ. ಕೂಲಿ ಕೊಡ್ತೀನಿ, ನಿಮಗೂ ಆಗುತ್ತೆ." ಸ್ವಲ್ಪ ಮುಂದೆ ಬಾಗಿ, ದನಿ ತಗ್ಗಿಸಿ ಹೇಳಿದ, "ಹೆಂಗಸರು ಕಾಡಲ್ಲಿ ಕಂಡ್ರೆ ಸೌದೆಗೆ ಬಂದಿದ್ದಾರೆ ಅಂದ್ಕೋತಾರೆ. ಯಾರೂ ಕೇಳಲ್ಲ."

ನಾನು ಎದ್ದು ಬಾಗಿಲು ಪೂರ್ತಿ ತೆಗೆದೆ.

ಒಳಗಿಂದ ನಮ್ಮವರು ಕೇಳಿದರು, "ಯಾರೇ ಅದು, ಬಂದಿರೋದು?"

ಅಣ್ಣನ ಮುಖವನ್ನೇ ನೋಡ್ಕೊಂಡು ನಾನು ಹೇಳಿದೆ, "ಯಾರೂ ಇಲ್ಲ ಕಣ್ರೀ."

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ನಾನು ಬಾಗಿಲು ಹಾಕ್ಕೊಂಡು, ಇವರ ಅಂಗಿ ಗುಂಡಿ ಹಾಕೋಕೆ ಒಳಗೆ ಹೋದೆ.